ಚರಗದ ಜೋಳ

ನಾಳೆ ಎಳ್ಳಮವಾಸ್ಯೆ. ಇವತ್ತು ಬೆಳಿಗ್ಗೆ ಸೊಸೆ ಅಂಗಡಿಯಿಂದ ತಂದ ಜೋಳದ ಚೀಲ ಬಿಚ್ಚಿದಳು. ಎಲ್ಲೋ ತೇವ ತಗಲಿತ್ತೇನೋ, ಮುಗ್ಗಲು ವಾಸನೆ ಅಡುಗೆಮನೆ ತುಂಬಿತು. ಅವಳು ಅಂಗಡಿಯವನ ವಂಶವನ್ನೆಲ್ಲ ಬೈಯುತ್ತಿದ್ದರೆ ನಾನು ಮೊರ ಕೆಳಗಿಟ್ಟು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಹಳೆಯ ಹಗೇವಿನ ವಾಸನೆ ಅದು. ಅದರ ಹಿಂದೆಯೇ ಒಬ್ಬ ಮುದುಕ ಬರುತ್ತಾನೆ...

ಕುಕನೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಅವನನ್ನು ಎಲ್ಲರೂ ಹಗೇವಿನ ಮುತ್ಯಾ ಅನ್ನುತ್ತಿದ್ದರು. ಆಗ ನಿಜಾಮರ ಆಳ್ವಿಕೆ. ಜೋಳವನ್ನು ನೆಲದೊಳಗಿನ ಹಗೇವಿಗೆ ತುಂಬಿ, ಬಾಯಿಗೆ ಹಾಸುಗಲ್ಲಿಟ್ಟು ಮಣ್ಣು ಮೆತ್ತುತ್ತಿದ್ದೆವು. ತೆಗೆಯುವುದು ಮಾತ್ರ ಹುಡುಗಾಟವಲ್ಲ. ಒಳಗೆ ಕಟ್ಟಿದ ಕೆಟ್ಟ ಗಾಳಿಯ ಝಳಕ್ಕೆ ಸಿಕ್ಕರೆ ಉಸಿರೇ ನಿಲ್ಲುತ್ತದೆ. ಕಲ್ಲು ಸರಿಸಿ ಇಡೀ ದಿನ ಬಾಯಿ ತೆರೆದಿಡಬೇಕು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಇಳಿಯುವುದು, ಆರಿದರೆ ಇಲ್ಲ. ಮುತ್ಯಾ ಈ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಹಾಲುಹಲ್ಲು ಬಿದ್ದ ನನ್ನ ಬಾಯಿ ನೋಡಿ, "ಏನವ್ವಾ ಮುದುಕಿ, ರೊಟ್ಟಿ ನೆನಸಿ ತಿಂತೀಯೇನು?" ಎಂದು ಕಾಡಿಸುತ್ತಿದ್ದ.

ಎಳ್ಳಮವಾಸ್ಯೆಗೆ ಅವನು ನಮ್ಮ ಹೊಲಕ್ಕೆ ಬರಲೇಬೇಕು. ಅಪ್ಪ ಮುಂದೆ ಚರಗ, ಅಂದರೆ ರೊಟ್ಟಿ-ಪಲ್ಲೆಯ ಎಡೆ, ಹೊಲಕ್ಕೆ ಚೆಲ್ಲುತ್ತಾ "ಹುಲ್ಲುಲ್ಲಿಗೋ" ಎಂದು ಕೂಗಿದರೆ, ಹಿಂದೆ ನೀರು ಚಿಮುಕಿಸುತ್ತಾ "ಚಲ್ಲಂಬ್ರಿಗೋ" ಎನ್ನುವವನು ಮುತ್ಯಾ. ಚೆಲ್ಲುವವನು ತಿರುಗಿ ನೋಡಬಾರದು, ದನಿ ಕೇಳಿಯೇ ಮುಂದಿನ ಹೆಜ್ಜೆ. ಆಮೇಲೆ ಬನ್ನಿಗಿಡದ ಕೆಳಗೆ ಓಣಿಯವರೆಲ್ಲ ಕೂತು ಸಜ್ಜೆ ರೊಟ್ಟಿ, ಪುಂಡಿಪಲ್ಲೆ ಉಣ್ಣುತ್ತಿದ್ದೆವು. ಈ ಹಬ್ಬ ಯಾಕೆ ಹುಟ್ಟಿತು ಎಂದು ಒಮ್ಮೆ ಮುತ್ಯಾನನ್ನು ಕೇಳಿದ್ದೆ.

"ಭೂಮ್ತಾಯಿ ಈಗ ಬಸರಿ ಅದಾಳವ್ವ. ಬಸರಿ ಹೆಂಗಸಿನ ಮುಂದ ಬರೇ ಕೈಲೆ ಹೋಗಬಾರ್ದು. ಆಕಿ ಕೊಟ್ಟಿದ್ದರಾಗ ಮೊದಲ ತುತ್ತು ಆಕಿಗೇ ಉಣಿಸಬೇಕು. ಸಂತಿ ಕಾಳು ಉಣಿಸಿದ್ರ ಅದೇನು ಉಪಕಾರ ನೆನೆಸಿದಂಗ?"

ಯುದ್ಧದ ಕಾಲ ಬಂತು. ಮನೆಯಲ್ಲಿದ್ದ ಜೋಳವನ್ನೆಲ್ಲ ಸರ್ಕಾರದವರು ಲೇವಿ ಎಂದು ವಸೂಲಿ ಮಾಡಿ ಒಯ್ದರು. ಉಳಿದದ್ದು ಹಿತ್ತಲಲ್ಲಿ ಜೋಳದ ದಂಟಿನ ಕಣಕಿ ಮುಚ್ಚಿ ಅಡಗಿಸಿದ್ದ ಒಂದು ಹಗೇವು. ಹಬ್ಬದ ಹಿಂದಿನ ದಿನ ಅಪ್ಪ ಮುತ್ಯಾನನ್ನು ಕರೆಸಿದ.

"ಇಡೀ ದಿನ ತೆರದಿಟ್ರ ಲೇವಿ ಮಂದಿ ಕಣ್ಣಿಗೆ ಬೀಳತೈತಿ ಮುತ್ಯಾ. ಈ ವರ್ಷ ಸಂತಿ ಜೋಳ ತರ್ತೀನಿ ಬಿಡು."

"ಬ್ಯಾಡ ತಮ್ಮಾ. ಒಂದು ಬುಟ್ಟಿ ಸಾಕಲ್ಲ? ಕಂದೀಲು ತರ್ಸು."

ಕಲ್ಲು ಸರಿಸಿ ಒಂದು ತಾಸೂ ಆಗಿರಲಿಲ್ಲ. ಅಪ್ಪ ಕಾವಲಿಗೆಂದು ಮುಂಬಾಗಿಲಲ್ಲಿ ನಿಂತಿದ್ದ. ಮುತ್ಯಾನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಕಂದೀಲು ಇಳಿಬಿಟ್ಟು ನನ್ನನ್ನು ಕರೆದ. "ನೋಡವ್ವ, ದೀಪ ಉರಿಯಾಕತ್ತೈತೇನು?"

ಓಣಿಯಲ್ಲಿ ಗೆಳತಿಯರು ಆಟಕ್ಕೆ ಕೂಗುತ್ತಿದ್ದರು. ನಾನು ಬಗ್ಗಿದೆ, ಕೆಳಗೆ ಏನೋ ಹಳದಿಯಾಗಿ ಹೊಳೆಯಿತು. "ಹೂಂ" ಅಂದೆ. ನೆತ್ತಿಯ ಮೇಲೆ ಸೂರ್ಯನಿದ್ದ. ಅದು ದೀಪವೋ, ಗಾಜಿನ ಮೇಲಿನ ಬಿಸಿಲೋ... ಇವತ್ತಿಗೂ ಗೊತ್ತಿಲ್ಲ. ಸುಳ್ಳು ಯಾಕೆ ಹೇಳಲಿ, ನಾನು ಸರಿಯಾಗಿ ನೋಡಲೇ ಇಲ್ಲ.

ಅವನು ಇಳಿದ. ಕಾಳು ತುಂಬಿ ಅವನು ಅಲುಗಿಸಬೇಕಿದ್ದ ಬುಟ್ಟಿಯ ಹಗ್ಗ ಅಲುಗಲಿಲ್ಲ. "ಮುತ್ಯಾ" ಎಂದು ಮೂರು ಸಲ ಕರೆದೆ. ಆಮೇಲೆ ಚೀರಿದೆ.

ಹೊತ್ತು ಮುಳುಗುವ ಮೊದಲು ಅವನನ್ನು ಮೇಲೆತ್ತಿದರು. ಕಂದೀಲೂ ಬಂತು. ಎಣ್ಣೆ ತುಂಬಾ ಇತ್ತು, ಬತ್ತಿ ಆರಿತ್ತು. ಯಾವಾಗ ಆರಿತೆಂದು ನನ್ನನ್ನು ಯಾರೂ ಕೇಳಲಿಲ್ಲ. ನೆರೆದ ಹೆಂಗಸರಲ್ಲಿ ಯಾರೋ, "ಭೂಮ್ತಾಯಿಗೆ ಇದೇ ಬಯಕಿ ಇತ್ತೇನೋ" ಅಂದರು. ಆ ಮಾತು ಕೇಳಿದಂದಿನಿಂದ ನನಗೆ ಆ ತಾಯಿಯ ಮೇಲೆ ಪ್ರೀತಿ ಹುಟ್ಟಿಲ್ಲ. ಅನ್ನ ತಿನ್ನುತ್ತೇನೆ, ಅಷ್ಟೇ.

ಭೂಮ್ತಾಯಿಗೆ ಒಪ್ಪಿಕೊಂಡ ಊಟ ತಪ್ಪಿಸಬಾರದೆಂದು ಮರುದಿನ ಅಪ್ಪ ಹೊಲಕ್ಕೆ ಹೋದ. ಪಕ್ಕದ ಮನೆಯಿಂದ ಕೇಳಿ ತಂದ ಹಿಟ್ಟಿನ ರೊಟ್ಟಿ. ನೀರಿನ ತಂಬಿಗೆ ನನ್ನ ಕೈಯಲ್ಲಿ. "ಹುಲ್ಲುಲ್ಲಿಗೋ" ಎಂದು ಕೂಗಿ ಅಪ್ಪ ಕಾದ. ನನ್ನ ಬಾಯಿ ತೆರೆಯಲಿಲ್ಲ. ಮತ್ತೆ ಕೂಗಿದ, ಮತ್ತೆ ಕಾದ. ತಿರುಗಿ ನೋಡಲಿಲ್ಲ. ಇಡೀ ಹೊಲ ಹಾಗೆಯೇ ಸುತ್ತಿದೆವು... ಕೊನೆಯ ಬದುವಿನ ಹತ್ತಿರ ಅವನ ದನಿ ಒಡೆದು ಹೋಗಿತ್ತು. ಆ 'ಹೂಂ' ವಿಷಯವನ್ನು ಅಪ್ಪ ಸಾಯುವವರೆಗೂ ನಾನು ಅವನಿಗೆ ಹೇಳಲಿಲ್ಲ. ಈಗ ಹೇಳೋಣವೆಂದರೆ ಕ್ಷಮಿಸಬೇಕಾದವರು ಒಬ್ಬರೂ ಉಳಿದಿಲ್ಲ.

ಒಳಗಿನಿಂದ ಸೊಸೆ ಕೂಗಿದಳು. "ಅತ್ತಿ, ತಳದಾಗಿಂದು ಛಲೋ ಐತಿ ಅನಸ್ತೈತಿ. ಒಂಚೂರು ನೋಡಿ ಹೇಳ್ರಿ, ಚರಗಕ್ಕ ನಡೀತೈತೇನು?"

ಕೂತಲ್ಲಿಂದ ಏಳಲಿಲ್ಲ. ಚೀಲದ ಕಡೆ ನೋಡಲೂ ಇಲ್ಲ.

"ಹೂಂ" ಅಂದುಬಿಟ್ಟೆ.