ನಮ್ಮ ಪಾಡಿಗೆ ನಾವು

ಟೆಕ್ಸಸ್‌ನ ಫ್ಲವರ್ ಮೌಂಡ್ ಊರಿನಲ್ಲಿ ನಮ್ಮ ಪಕ್ಕದ ಮನೆಯಾತ ಬೀದಿ ತಿರುವಿನ ಮೇಲ್‌ಬಾಕ್ಸ್‌ಗೂ ಕಾರು ತೆಗೆಯುವ ಮನುಷ್ಯ. ಆದರೂ ಬೇಸಿಗೆಯಲ್ಲಿ ಎರಡೂ ಮನೆಯ ಗಂಡಹೆಂಡಿರು ಮೆಡಿಟರೇನಿಯನ್ ಸಮುದ್ರದ ಗೋಜೋ ದ್ವೀಪಕ್ಕೆ ಹೋಗಿ, ಎಲೆಕ್ಟ್ರಿಕ್ ಸೈಕಲ್‌ನಲ್ಲೇ ಸುತ್ತಬೇಕೆಂದು ಹಟ ಹಿಡಿದದ್ದು ಅವನೇ. ಹೇಳುವಾಗೆಲ್ಲ ಅಂಗೈಯಿಂದ ಗಾಳಿಯನ್ನು ಸವರುತ್ತಿದ್ದ. "ಅವಸರ ಯಾಕ್ರೀ? ನಮ್ಮ ಪಾಡಿಗೆ ನಾವು ಆರಾಮಾಗಿ ಹೋಗೋಣ."

ದ್ವೀಪಕ್ಕಿಳಿದ ಮೇಲೆ ಆ ಆರಾಮ ಕಾಣಲಿಲ್ಲ. ಮೋಟಾರನ್ನು ಪೂರ್ತಿ ಜೋರಿಗಿಟ್ಟು ಎಲ್ಲರಿಗಿಂತ ಮುಂದೆ ಹಾರಿದ. ಮಧ್ಯಾಹ್ನ ಚರ್ಚಿನ ಗುಡ್ಡದ ಬುಡದಲ್ಲಿ ಅವನ ಬ್ಯಾಟರಿ ಖಾಲಿಯಾಯಿತು. ಹಿಂದಿನಿಂದ ಬಂದ ಹೆಂಡತಿಯನ್ನು ಇಳಿಸಿ ಆಕೆಯ ಸೈಕಲ್ ಹತ್ತಿದ.

"ನಿಂಗೆ ಹೇಗೂ ನಿಧಾನ ಇಷ್ಟ ಅಲ್ವಾ? ಇದನ್ನ ತಳ್ಕೊಂಡು ಬಾ."

ಆ ಭಾರದ ಸೈಕಲನ್ನು ಆಕೆಯೂ ನಾವಿಬ್ಬರೂ ಸರದಿಯ ಮೇಲೆ ಬಿಸಿಲಲ್ಲಿ ತಳ್ಳಿದೆವು. ಮೇಲೆ ತಲುಪಿದಾಗ ಅವನು ನೆರಳಲ್ಲಿ ಐಸ್‌ಕ್ರೀಮ್ ಮುಗಿಸಿ, ತನ್ನ ಸೆಲ್ಫಿಗಳಲ್ಲಿ ಚೆನ್ನಾಗಿರುವುದನ್ನು ಆರಿಸುತ್ತಿದ್ದ.

"ಎಷ್ಟು ಲೇಟು!" ಎಂದ.

ಆಕೆ ತನ್ನ ಸೈಕಲ್ ಹತ್ತಿ ಆಚೆಯ ಇಳಿಜಾರಿನಲ್ಲಿ ಹೊರಟೇಬಿಟ್ಟಳು.

"ಏಯ್, ನಾನ್ ಹೇಗೆ ಬರ್ಲಿ?" ಎಂದು ಕೂಗಿದ. ಆಕೆ ತಿರುಗಿ ನೋಡಲಿಲ್ಲ. ಅವನು ಗೊಣಗುತ್ತ ಟ್ಯಾಕ್ಸಿಯಲ್ಲಿ ಹೋಟೆಲ್ ಸೇರಿದ. ಆಕೆ ಸಂಜೆ ಬಂದಳು, ಕೂದಲು ಒದ್ದೆ, ಕಾಲ ತುಂಬ ಮರಳು, ಮುಖದಲ್ಲಿ ನಾವೆಂದೂ ಕಾಣದ ಕಳೆ.

ಟೆಕ್ಸಸ್‌ಗೆ ಮರಳಿದ ಮೇಲೆ ಗಣೇಶನ ಹಬ್ಬದ ಊಟಕ್ಕೆ ಎಲ್ಲರೂ ಸೇರಿದ್ದೆವು. ತಾನು ಇಡೀ ದ್ವೀಪ ಸುತ್ತಿದ್ದನ್ನು ಅವನು ಬಣ್ಣಿಸುತ್ತಿದ್ದ. ಕೋಸಂಬರಿ ಬಡಿಸುತ್ತಿದ್ದ ಆಕೆ ಅವನ ಎದುರು ನಿಂತಳು.

"ಇವರು ಒಂದು ಗುಡ್ಡ ನೋಡಿದ್ರು, ಅಷ್ಟೇ," ಎಂದಳು. "ದ್ವೀಪ ನೋಡಿದ್ದು ನಾನು."