ಹದ್ದಿನ ಬಾಲದ ಕೆಳಗಿನ ಗರಿ

ಆ ದಿನ ಊಟಕ್ಕೆ ಮೊದಲು ಮೇಜಿನ ಮೇಲಿದ್ದ ಎರಡು ಬೆಳ್ಳಿ ಡಾಲರ್‌ಗಳನ್ನು ಎತ್ತಿ ಒಂದೇ ಬಟ್ಟಲಿಗೆ ಹಾಕಿದ್ದು ಯಾರು ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ನನ್ನ ಹೆಂಡತಿಯೇ ಹಾಕಿದ್ದು ಎಂದು ನಾನು ಬಹಳ ಕಾಲ ಹೇಳಿಕೊಂಡು ಬಂದೆ. ಅವಳು ಒಪ್ಪುವುದಿಲ್ಲ. "ನಾನು ಸಾರಿನ ಪಾತ್ರೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ, ಮೇಜು ಖಾಲಿ ಮಾಡಿ ಅಂತ ಕೂಗಿದೆ. ನನಗೇನು ಮೂರನೇ ಕೈ ಇತ್ತಾ?" ಎನ್ನುತ್ತಾಳೆ. ಅವಳು ಹೇಳಿದ ಮೇಲೆ ನನಗೂ ಆ ಸಾರಿನ ಪಾತ್ರೆ ಕಾಣುತ್ತದೆ, ಅದರ ಹಬೆಯೂ ಕಾಣುತ್ತದೆ. ಆದರೆ ಅದು ನೆನಪೋ, ಅವಳ ಮಾತು ಕೇಳಿ ನಾನು ಬರೆದುಕೊಂಡ ಚಿತ್ರವೋ ಹೇಳಲಾರೆ. ನನ್ನ ಪ್ರಕಾರ ಹೊರಗೆ ಹಿಮ ಬೀಳುತ್ತಿತ್ತು. ಅವಳ ಪ್ರಕಾರ ಕಿಟಕಿ ತೆರೆದಿತ್ತು. ಇಬ್ಬರಲ್ಲಿ ಒಬ್ಬರಂತೂ ತಪ್ಪು.

ಎಪ್ಪತ್ತರ ದಶಕದ ಆರಂಭದ ವರ್ಷಗಳು. ನಾವು ಸ್ಕೋಕಿ ಎಂಬ ಊರಿನಲ್ಲಿ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಭೌತಶಾಸ್ತ್ರ ಓದಿ ಮುಗಿಸಿದ ನನಗೆ ಪಕ್ಕದ ಊರಾದ ಡೆಸ್ ಪ್ಲೇನ್ಸ್‌ನ ಒಂದು ಕಂಪನಿಯಲ್ಲಿ ಕೆಲಸ. ಅಳತೆಯ ಉಪಕರಣಗಳು ಎಷ್ಟು ಸುಳ್ಳು ಹೇಳುತ್ತವೆ ಎಂದು ಕಂಡುಹಿಡಿಯುವುದೇ ಆ ಕೆಲಸ. ಹಗಲೆಲ್ಲ ಯಂತ್ರಗಳನ್ನು ನಂಬದೆ ಕಳೆದವನು ಮನೆಗೆ ಬಂದು ಮನುಷ್ಯರನ್ನು ನಂಬುವುದು ಕಷ್ಟ. ಒಂದು ಕಡೆ ಕೂರುವ ಜಾಯಮಾನವೂ ನನ್ನದಲ್ಲ. ಚೆಸ್ ಆಯಿತು, ಫೋಟೋ ತೊಳೆಯುವುದಾಯಿತು, ಕೊನೆಗೆ ಹಳೆಯ ಬೆಳ್ಳಿ ಡಾಲರ್‌ಗಳಿಗೆ ಬಂದು ನಿಂತೆ.

ಈ ಹುಚ್ಚು ಹಿಡಿಸಿದವರು ಒಬ್ಬ ಗೆಳೆಯರು. ಧಾರವಾಡದ ಕಡೆಯವರು, ನಮ್ಮಿಂದ ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ಸೌತ್‌ಫೀಲ್ಡ್‌ನಲ್ಲಿ ಎಂಜಿನಿಯರ್, ಆಗಿನ್ನೂ ಒಂಟಿ. ಒಂದು ಯುಗಾದಿಗೆ ಚರ್ಚೊಂದರ ನೆಲಮಾಳಿಗೆಯಲ್ಲಿ ಕನ್ನಡದವರೆಲ್ಲ ಸೇರಿದ್ದಾಗ ಪರಿಚಯವಾಗಿತ್ತು. ಆಮೇಲೆ ತಿಂಗಳಿಗೋ ಎರಡು ತಿಂಗಳಿಗೋ ಶುಕ್ರವಾರ ಸಂಜೆ ಡ್ರೈವ್ ಮಾಡಿಕೊಂಡು ನಮ್ಮ ಮನೆಗೆ ಬರುತ್ತಿದ್ದರು. ನನ್ನ ಹೆಂಡತಿಯನ್ನು "ವೈನೀ" ಎಂದು, ಅಂದರೆ ಅತ್ತಿಗೆ ಎಂದು, ಕರೆಯುತ್ತಿದ್ದರು, ನನ್ನನ್ನು "ಸಾಹೇಬ್ರ" ಎಂದು. ಆ ಸಾಹೇಬ್ರ ಎಂಬುದರಲ್ಲಿ ಗೌರವ ಎಷ್ಟು, ಚೇಷ್ಟೆ ಎಷ್ಟು ಎಂದು ನನ್ನ ಯಾವ ಉಪಕರಣವೂ ಅಳೆಯಲಾರದು.

ಅವರು ನನಗೆ ಮೊದಲು ಕಲಿಸಿದ್ದು ನಾಣ್ಯಕ್ಕೆ ಗ್ರೇಡ್ ಕೊಡುವುದು. ಡಾಲರಿನ ಒಂದು ಕಡೆ ಹೆಂಗಸಿನ ತಲೆ, ಇನ್ನೊಂದು ಕಡೆ ಹದ್ದು. ಅವಳ ಕಿವಿಯ ಮೇಲಿನ ಕೂದಲು ಮತ್ತು ಹದ್ದಿನ ಎದೆಯ ಗರಿ ಮೊದಲು ಸವೆಯುತ್ತವೆ, ಆದ್ದರಿಂದ ಮೊದಲು ಅಲ್ಲಿ ನೋಡಬೇಕು. ಆಮೇಲೆ ದೀಪದ ಕೆಳಗೆ ನಿಧಾನವಾಗಿ ತಿರುಗಿಸಿ ಹೊಳಪು ನೋಡಬೇಕು. ಗ್ರೇಡ್‌ಗಳ ಹೆಸರು ಮಾತ್ರ ವಿಚಿತ್ರ. ಗುಡ್ ಎಂದರೆ ಸವೆದು ಸೊರಗಿದ್ದು. ಅದರ ಮೇಲೆ ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್ ಎಂದು ಏರುತ್ತ ಹೋಗುತ್ತದೆ. ಗೆಳೆಯರು ಇದನ್ನು ನಾಣ್ಯಕ್ಕಷ್ಟೇ ಬಿಡಲಿಲ್ಲ.

"ವೈನೀ, ನಿಮ್ಮ ಸಾರು ವೆರಿ ಫೈನ್ ಅದ ನೋಡ್ರಿ. ಎಕ್ಸ್‌ಟ್ರೀಮ್ಲಿ ಫೈನ್ ಅಲ್ಲ, ಸುಳ್ಳ ಯಾಕ ಹೇಳ್ಲಿ?"

"ತೊಗರಿಬೇಳೆ ಸಿಗದ ಊರಲ್ಲಿ ಹಳದಿ ಬಟಾಣಿ ಬೇಳೇಲಿ ಮಾಡಿದೀನಿ. ಅದನ್ನೂ ಲೆಕ್ಕಕ್ಕೆ ತಗೊಳ್ಳಿ," ಎಂದಳು ನನ್ನ ಹೆಂಡತಿ.

"ತಗೊಂಡ ಹೇಳೀನಿ ವೈನೀ. ಇಲ್ಲಾಂದ್ರ ಬರೇ ಫೈನ್ ಅಂತಿದ್ದೆ."

ನನ್ನ ಹೆಂಡತಿಗೆ ಈ ಹುಚ್ಚಿನ ಬಗ್ಗೆ ಇದ್ದ ಅಭಿಪ್ರಾಯ ಒಂದೇ. "ಆ ಹೆಂಗಸಿನ ಕಿವಿ ಮೇಲಿನ ಕೂದಲು ಅರ್ಧ ಗಂಟೆ ನೋಡ್ತೀರಿ. ನಾನು ಓಲೆ ಬದಲಾಯಿಸಿ ನಾಲ್ಕು ದಿನ ಆಯ್ತು," ಎಂದು ಒಮ್ಮೆ ಗೆಳೆಯರ ಎದುರಿಗೇ ಹೇಳಿದಳು. ನಾನು ತಲೆಯೆತ್ತಿ ಓಲೆ ನೋಡಿ ಚೆನ್ನಾಗಿದೆ ಎಂದೆ. ಅವಳು ಅಷ್ಟರಲ್ಲಿ ಹಳೆಯ ಓಲೆಯನ್ನೇ ಮತ್ತೆ ಹಾಕಿಕೊಂಡಿದ್ದಳಂತೆ.

ಗ್ರೇಡ್ ಬಂದ ಮೇಲೆ ಅಚ್ಚು. ಟಂಕಸಾಲೆಯಲ್ಲಿ ಬೆಳ್ಳಿಯ ಬಿಲ್ಲೆಯ ಮೇಲೆ ಒತ್ತುವ ಉಕ್ಕಿನ ಅಚ್ಚುಗಳು ನೂರಾರು ಇರುತ್ತವೆ, ಮತ್ತು ಯಾವುದೂ ಇನ್ನೊಂದರಂತೆ ಪೂರ್ತಿ ಇರುವುದಿಲ್ಲ. ಕಣ್ಣಿದ್ದವರು ನಾಣ್ಯ ನೋಡಿ ಅದು ಯಾವ ಅಚ್ಚಿನಿಂದ ಬಿತ್ತು ಎಂದು ಹೇಳಬಹುದು. ಇದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಕತೆ 1878ರದು. ಈ ಡಾಲರ್ ಮೊದಲು ಬಂದ ವರ್ಷ ಅದು. ಆರಂಭದಲ್ಲಿ ಹದ್ದಿನ ಬಾಲಕ್ಕೆ ಎಂಟು ಗರಿ ಕೊಟ್ಟಿದ್ದರು. ಹದ್ದಿಗೆ ಬೆಸ ಸಂಖ್ಯೆಯ ಗರಿಗಳೇ ಇರಬೇಕು ಎಂದು ಯಾರೋ ತಕರಾರು ತೆಗೆದರಂತೆ. ಅದಕ್ಕೆ ಏಳು ಮಾಡಿದರು. ಆದರೆ ತಯಾರಾಗಿದ್ದ ಎಂಟು ಗರಿಯ ಅಚ್ಚುಗಳನ್ನು ಎಸೆಯಲು ಮನಸ್ಸು ಬರಲಿಲ್ಲ. ಅವುಗಳ ಮೇಲೇ ಏಳು ಗರಿಯ ಚಿತ್ರ ಒತ್ತಿಬಿಟ್ಟರು. ಹಾಗಾಗಿ ಕೆಲವು ನಾಣ್ಯಗಳಲ್ಲಿ ಹೊಸ ಗರಿಗಳ ಕೆಳಗೆ ಹಳೆಯ ಗರಿಗಳ ತುದಿ ಇಣುಕುತ್ತವೆ. ಒಂದೊಂದು ಅಚ್ಚಿನಲ್ಲಿ ಒಂದೊಂದು ರೀತಿ: ಒಂದರಲ್ಲಿ ಮೂರು ತುದಿ ಕಂಡರೆ ಇನ್ನೊಂದರಲ್ಲಿ ಐದು, ಒಂದರಲ್ಲಿ ಎಡಕ್ಕೆ ಹೆಚ್ಚು, ಇನ್ನೊಂದರಲ್ಲಿ ಬಲಕ್ಕೆ. ಒಂದು ಸರ್ಕಾರ ಗರಿ ಎಣಿಸಿ ತಪ್ಪು ತಿದ್ದಲು ಹೋಗಿ ತಪ್ಪನ್ನೇ ಬೆಳ್ಳಿಯಲ್ಲಿ ಉಳಿಸಿತು ಎಂಬುದು ನನಗೆ ಬಹಳ ಹಿಡಿಸಿತು. ಅಂಥದೊಂದು ನಾಣ್ಯವನ್ನು ನಾನೇ ಕಂಡುಹಿಡಿಯಬೇಕು ಎಂಬ ಆಸೆ ಹುಟ್ಟಿತು. ಅದೇ ಆಸೆ ಗೆಳೆಯರಿಗೂ ಇತ್ತು.

ಆ ಶನಿವಾರ ಬೆಳಿಗ್ಗೆ ನಾವಿಬ್ಬರೂ ಡೆಸ್ ಪ್ಲೇನ್ಸ್‌ನ ನಾಣ್ಯದಂಗಡಿಗೆ ಹೋದೆವು. ತಲೆಯ ಮೇಲೆ ವಿಮಾನ ಇಳಿದಾಗಲೆಲ್ಲ ಗಾಜಿನ ಪೆಟ್ಟಿಗೆ ನಡುಗುವಂಥ ಅಂಗಡಿ. ಒಂದು ತಟ್ಟೆಯಲ್ಲಿ 1878ರ ಡಾಲರ್‌ಗಳು ಬಿದ್ದಿದ್ದವು. ಮಾಲೀಕ ಅವನ್ನು ಸಾಮಾನ್ಯ ಏಳು ಗರಿಯವೆಂದೇ ಮಾರುತ್ತಿದ್ದ. ಅಂಗಡಿಯಲ್ಲಿ ಭೂತಗನ್ನಡಿ ತೆಗೆದರೆ ಅವನಿಗೆ ಅನುಮಾನ ಬಂದೀತು ಎಂದು ಬರಿಗಣ್ಣಿನಲ್ಲೇ ಆರಿಸಿ ಇಬ್ಬರೂ ಒಂದೊಂದು ಕೊಂಡೆವು. ಎರಡೂ ಹೆಚ್ಚುಕಡಿಮೆ ಒಂದೇ ಗ್ರೇಡಿನವು.

ಮನೆಗೆ ಬಂದು ಊಟದ ಮೇಜಿನ ಮೇಲೆ ದೀಪ ಇಟ್ಟೆವು. ಭೂತಗನ್ನಡಿ ಇದ್ದದ್ದು ಒಂದೇ, ಅದೂ ಅವರದು. ಅವರು ಒಂದು ನಾಣ್ಯವನ್ನು ಅದರ ಕೆಳಗೆ ಹಿಡಿದರು. ಮೆಲ್ಲಗೆ ಬಾಲದ ಕಡೆಗೆ ಜರುಗಿಸಿದರು. ಆಮೇಲೆ, "ಸಾಹೇಬ್ರ, ಗರಿ ಕೆಳಗ ಗರಿ ಅದ ನೋಡ್ರಿ!" ಎಂದರು. ನಾನು ಕಿತ್ತುಕೊಂಡು ನೋಡಿದೆ. ಇತ್ತು. ಕೂದಲೆಳೆಯಷ್ಟು ಸಣ್ಣ ತುದಿಗಳು, ಬಾಲದ ಕೆಳಗೆ ಸಾಲಾಗಿ.

ಅವರು ಆಗ ನೋಡುತ್ತಿದ್ದದ್ದು ನನ್ನ ನಾಣ್ಯ. ನಾನೇ ಕೈಯಾರೆ ಅವರಿಗೆ ಕೊಟ್ಟಿದ್ದೆ, ಅಂಚಿನಲ್ಲಿ ಸ್ವಲ್ಪ ಕಪ್ಪಾಗಿತ್ತು. ಹೀಗೆಂದು ನನ್ನ ನೆನಪು ಹೇಳುತ್ತದೆ. ಆದರೆ ಅಂಚು ಕಪ್ಪಾದ ಡಾಲರ್‌ಗಳನ್ನು ನಾನು ಆ ವರ್ಷಗಳಲ್ಲಿ ಎಷ್ಟೋ ನೋಡಿದ್ದೆ. ಯಾವುದೋ ನಾಣ್ಯದ ಅಂಚನ್ನು ತಂದು ಇದಕ್ಕೆ ಅಂಟಿಸಿರಬಹುದು. ಅವರ ನೆನಪಿನ ಪ್ರಕಾರ ಅದು ಅವರದೇ ನಾಣ್ಯ.

ಇನ್ನೊಂದನ್ನು ನೋಡುವಷ್ಟರಲ್ಲಿ ಊಟಕ್ಕೆ ಕರೆ ಬಂತು, ಮೊದಲೇ ಹೇಳಿದಂತೆ ಯಾರೋ ಎರಡನ್ನೂ ಬಟ್ಟಲಿಗೆ ಹಾಕಿದರು. ಊಟ ಮುಗಿಸಿ ಕೈತೊಳೆದು ಬಂದು ಗೆಳೆಯರು ಬಟ್ಟಲಿನಿಂದ ಒಂದು ನಾಣ್ಯ ತೆಗೆದು ಗಾಜಿನ ಕೆಳಗೆ ಹಿಡಿದರು. "ಇದ ನೋಡ್ರಿ ಗರಿ ಇದ್ದದ್ದು. ಇದು ಯಾರದ್ರಿ, ನಿಮ್ದೋ ನಂದೋ?"

ಇಲ್ಲಿ ನಮ್ಮ ಮೈಸೂರಿನ ಕಡೆಯ ಒಂದು ಪದ್ಧತಿ ಹೇಳಬೇಕು. ಕಾಫಿ ಬೇಕಾ ಎಂದು ಕೇಳಿದರೆ ನಾವು ಬೇಡ ಎನ್ನುತ್ತೇವೆ. ಅದು ಉತ್ತರವಲ್ಲ, ಪೀಠಿಕೆ. ಅವರು ಮತ್ತೆ ಕೇಳಬೇಕು, ನಾವು ಈಗಷ್ಟೇ ಆಯಿತು ಎನ್ನಬೇಕು, ಮೂರನೆಯ ಸಲಕ್ಕೆ ಅರ್ಧ ಲೋಟ ಸಾಕು ಎಂದು ಒಪ್ಪಿ ಪೂರ್ತಿ ಕುಡಿಯಬೇಕು. ಗೆಳೆಯರು ಮೊದಲ ಸಲ ಮನೆಗೆ ಬಂದಾಗ ನನ್ನ ಹೆಂಡತಿ, "ಕಾಫಿ ಕುಡೀತೀರಾ?" ಎಂದು ಕೇಳಿದ್ದಳು. "ಹೂನ್ರಿ, ತುಂಬ್ಸಿ ಕೊಡ್ರಿ," ಎಂದಿದ್ದರು. ಅವಳು ಇನ್ನೆರಡು ಸಲ ಕೇಳಲು ಸಿದ್ಧವಾಗಿ ನಿಂತವಳು ಏನು ಮಾಡಬೇಕೆಂದು ತೋಚದೆ ನನ್ನ ಮುಖ ನೋಡಿದ್ದಳು.

ಇದನ್ನು ಕಣ್ಣಾರೆ ಕಂಡಿದ್ದೂ ನಾನು ಅಂದು, "ನಿಮ್ಮದೇ ಇರಬೇಕು, ಇಟ್ಕೊಳ್ಳಿ," ಎಂದೆ.

"ನನ್ಗೂ ಹಂಗ ಅನ್ಸಿತ್ರಿ. ಭಾಳ ಛಲೋ ಆತು," ಎಂದು ಅವರು ನಾಣ್ಯವನ್ನು ಅಂಗಿಯ ಜೇಬಿಗೆ ಇಳಿಸಿದರು.

ನಾನು ಇನ್ನೂ ಎರಡನೆಯ ಸುತ್ತಿಗೆ ಕಾಯುತ್ತಿದ್ದೆ. ಛೇ, ನಿಮ್ಮದನ್ನು ನಾನು ಹೇಗೆ ತಗೊಳ್ಳಲಿ ಎಂದು ಅವರು ಹೇಳುತ್ತಾರೆ, ನೋಡೋಣ ಹಾಗಾದರೆ ಎಂದು ಇಬ್ಬರೂ ಸೇರಿ ವಿಚಾರ ಮಾಡುತ್ತೇವೆ ಎಂದುಕೊಂಡಿದ್ದೆ. ಅವರು ಮನೆಗೆ ಒಯ್ಯಲು ಮಜ್ಜಿಗೆ ಮೆಣಸಿನಕಾಯಿ ಇನ್ನಷ್ಟಿದೆಯೇ ಎಂದು ಹೆಂಡತಿಯನ್ನು ಕೇಳುತ್ತಿದ್ದರು.

ಬಟ್ಟಲಿನಲ್ಲಿ ಉಳಿದದ್ದನ್ನು ನಾನು ಒಂದು ಲಕೋಟೆಯಲ್ಲಿ ಹಾಕಿ ಮೇಜಿನ ಖಾನೆಗೆ ತಳ್ಳಿದೆ. ಆಮೇಲೆ ಕೆಲವು ವರ್ಷ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ: ನಾನು ನನ್ನದನ್ನೇ ಕೊಟ್ಟುಬಿಟ್ಟೆನೇ? ನನ್ನದಾಗಿದ್ದರೆ ಇದು ಮೋಸ, ಅವರದಾಗಿದ್ದರೆ ನಾನು ಅಲ್ಪ. ಎರಡೂ ಗೊತ್ತಾಗದೆ ಇರುವಾಗ ನಾನು ಮಾಡಿದ್ದು ಮುನಿಸು. ನಾನಾಗಿ ಫೋನ್ ಮಾಡುವುದು ಬಿಟ್ಟೆ. ಅವರು ಮಾಡಿದರೆ ಹೂಂ, ಉಹೂಂ ಎಂದು ಉತ್ತರ ಕೊಟ್ಟೆ. ಹೊಸದಾಗಿ ಕೊಂಡ ನಾಣ್ಯಗಳ ಸುದ್ದಿ ಹೇಳಲಿಲ್ಲ.

"ಗಂಟಲು ಕೆಟ್ಟದೇನ್ರಿ ಸಾಹೇಬ್ರ? ಭಾಳ ಸಣ್ಣಗ ಮಾತಾಡ್ತೀರಿ," ಎಂದರು ಅವರು ಒಮ್ಮೆ. "ಬಿಸಿನೀರಾಗ ಉಪ್ಪು ಹಾಕಿ ಮುಕ್ಕಳಿಸ್ರಿ."

ಫೋನ್ ಇಟ್ಟ ಮೇಲೆ ನನ್ನ ಹೆಂಡತಿ ಕೇಳಿದಳು. "ಮುನಿಸಿಕೊಂಡಿದ್ದೀನಿ ಅಂತ ಅವರಿಗೆ ಯಾರಾದ್ರೂ ಹೇಳೋದು ಬೇಡವಾ? ನೀವೊಬ್ಬರೇ ಮುನಿಸಿಕೊಂಡು ಕೂತರೆ ಅವರಿಗೆ ಹೇಗೆ ಗೊತ್ತಾಗುತ್ತೆ, ಪಾಪ."

ಫೋನುಗಳ ನಡುವಿನ ಕಾಲ ಉದ್ದವಾಗುತ್ತ ಹೋಯಿತು. ಅವರ ಬರವೂ ಕಡಿಮೆಯಾಯಿತು. ಅದು ನನ್ನ ಮುನಿಸಿನ ಫಲವೋ ಅವರ ಕೆಲಸದ ಒತ್ತಡವೋ ನನಗೆ ತಿಳಿಯಲಿಲ್ಲ. ಶನಿವಾರ ಮಧ್ಯಾಹ್ನ ದೀಪದ ಕೆಳಗೆ ಒಬ್ಬನೇ ನಾಣ್ಯ ತಿರುಗಿಸುವಾಗ, ಅದಕ್ಕೆ ಕೊಟ್ಟ ಗ್ರೇಡ್ ತಪ್ಪು ಎನ್ನುವವರು ಎದುರಿಗೆ ಇಲ್ಲದೆ ಆಟವೇ ಕೆಟ್ಟಿತ್ತು.

ಆ ದಶಕದ ಕೊನೆಯ ಹೊತ್ತಿಗೆ ನಾವು ರಜೆಗೆ ಮೈಸೂರಿಗೆ ಹೊರಡುವ ತಯಾರಿಯಲ್ಲಿದ್ದೆವು. ನಾದಿನಿಗೆ ಮಗುವಾಗಿತ್ತು. ಹೆಂಡತಿ ಖಾನೆ ತೆಗೆದು ಆ ಲಕೋಟೆ ಹಿಡಿದುಕೊಂಡು ಬಂದಳು.

"ಇದನ್ನ ಕರಗಿಸಿ ಮಗೂಗೆ ಒಂದು ಒಳಲೆ ಮಾಡಿಸೋಣ್ವಾ? ಹಾಲು ಕುಡಿಸೋಕಾದ್ರೂ ಆಗುತ್ತೆ. ನೀವಂತೂ ಇದರ ಮುಖ ನೋಡಲ್ಲ."

"ಮಾಡಿಸು," ಎಂದೆ. ಕೊಡುವ ಮೊದಲು ಅಭ್ಯಾಸಬಲದಿಂದ, ಆಮೇಲೆ ಕೊಂಡಿದ್ದ ನನ್ನದೇ ಭೂತಗನ್ನಡಿ ತೆಗೆದೆ. ಕಿವಿಯ ಮೇಲಿನ ಕೂದಲು ನೋಡಿದೆ. ತಿರುಗಿಸಿ ಹದ್ದಿನ ಎದೆ ನೋಡಿದೆ, ಎಕ್ಸ್‌ಟ್ರೀಮ್ಲಿ ಫೈನ್ ಎಂದುಕೊಂಡೆ. ಗಾಜು ಸ್ವಲ್ಪ ಕೆಳಗೆ ಜಾರಿತು. ಬಾಲದ ಕೆಳಗೆ ಸಣ್ಣ ತುದಿಗಳು ಸಾಲಾಗಿ ಇಣುಕುತ್ತಿದ್ದವು.

ಅಂದು ನಾವು ಬಟ್ಟಲಿನಿಂದ ಒಂದನ್ನು ಮಾತ್ರ ತೆಗೆದು ನೋಡಿದ್ದೆವು. ಸಿಕ್ಕಿತು ಎಂದ ಮೇಲೆ ಇನ್ನೊಂದನ್ನು ಯಾರೂ ನೋಡಲಿಲ್ಲ. ಎರಡನ್ನು ಹೋಲಿಸದೆ ಯಾವ ತೀರ್ಮಾನಕ್ಕೂ ಬರಬಾರದು ಎಂದು ಆಫೀಸಿನಲ್ಲಿ ದಿನಾ ಹೇಳುವವನು ನಾನು.

"ಏನಾಯ್ತು? ಮುಖ ಹೀಗ್ಯಾಕಾಯ್ತು?" ಎಂದಳು ಹೆಂಡತಿ. ಹೇಳಿದೆ. ಅವಳು ಕುರ್ಚಿ ಎಳೆದುಕೊಂಡು ಕೂತು ನಗಲು ಶುರು ಮಾಡಿದಳು. ನಿಲ್ಲಿಸಿ ಕಣ್ಣೊರೆಸಿಕೊಂಡು, "ಒಳಲೆಗೆ ಬೇರೆ ಬೆಳ್ಳಿ ಕೊಳ್ಳಿ. ಮೊದಲು ಅವರಿಗೆ ಫೋನ್ ಮಾಡಿ," ಎಂದಳು.

ಮಾಡಿದೆ. ನಾನು ಮುನಿಸಿಕೊಂಡಿದ್ದೆ ಎಂಬುದನ್ನೂ ಹೇಳಿದೆ.

"ಯಾವಾಗ್ರಿ?" ಎಂದರು ಅವರು.

"ಇಷ್ಟು ವರ್ಷವೂ."

"ಅಯ್ಯ, ನಾ ನಿಮ್ಗ ಖರೇನ ಗಂಟಲ ಬ್ಯಾನಿ ಅಂತ ತಿಳ್ಕೊಂಡಿದ್ದೆ. ಬ್ಯಾಡ ಅನ್ನೂದಿದ್ರ ಬ್ಯಾಡ ಅನ್ಬೇಕಲ್ರಿ. ನಿಮ್ಮ ಮಂದಿದು ಬ್ಯಾಡ ಅಂದ್ರ ಬೇಕು, ತಗೋರಿ ಅಂದ್ರ ತಗೋಬ್ಯಾಡ್ರಿ. ನಮ್ಗ ಹೆಂಗ ತಿಳೀಬೇಕು?" ಅದೇ ಉಸಿರಿನಲ್ಲಿ, "ಈಗ ನಾಣ್ಯ ತಗೊಂಡ ಬರ್ರಿ. ಎರಡೂ ಕೂಡ್ಸಿ ನೋಡೂಣು. ವೈನೀನ್ನೂ ಕರ್ಕೊಂಡ ಬರ್ರಿ. ಸಾರು ನಾ ಮಾಡ್ತೀನಿ, ಗ್ರೇಡ್ ಅವ್ರು ಕೊಡ್ಲಿ," ಎಂದರು.

ಮೈಸೂರಿಗೆ ಹೊರಡುವ ಮೊದಲಿನ ವಾರ ನಾವು ಸೌತ್‌ಫೀಲ್ಡ್‌ಗೆ ಹೋದೆವು. ಸಾರಿಗೆ ನನ್ನ ಹೆಂಡತಿ ಗುಡ್ ಎಂದು ಗ್ರೇಡ್ ಕೊಟ್ಟಳು, ಅವರು ಮೇಲ್ಮನವಿ ಸಲ್ಲಿಸಿದರು, ಅವಳು ಬದಲಾಯಿಸಲಿಲ್ಲ. ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಇಲ್ಲದ್ದರಿಂದ ಆಫೀಸಿನ ಚಿಕ್ಕ ಮೈಕ್ರೋಸ್ಕೋಪ್ ಕೇಳಿಕೊಂಡು ತಂದಿದ್ದೆ. ಎರಡು ನಾಣ್ಯಗಳನ್ನೂ ಅದರ ಕೆಳಗೆ ಅಕ್ಕಪಕ್ಕ ಇಟ್ಟು ಮೊದಲು ನಾನು ನೋಡಿದೆ, ಆಮೇಲೆ ಅವರು. ಏನು ಕಂಡಿತೆಂದು ಒಬ್ಬರಿಗೊಬ್ಬರು ಹೇಳದೆ ಬೇರೆ ಬೇರೆ ಕಾಗದದ ಮೇಲೆ ತುದಿಗಳ ಚಿತ್ರ ಬರೆದು, ಕೊನೆಗೆ ಹೆಂಡತಿಯ ಕೈಗೆ ಕೊಟ್ಟೆವು.

ಯಾರ ನಾಣ್ಯ ಯಾರ ಜೇಬಿಗೆ ಹೋಯಿತು ಎಂಬುದು ನನಗೆ ಈಗಲೂ ಗೊತ್ತಿಲ್ಲ. ಖಚಿತವಾಗಿ ಗೊತ್ತಿರುವುದು ಇಷ್ಟು: ಎರಡು ನಾಣ್ಯಗಳಲ್ಲೂ ಹಳೆಯ ಗರಿಗಳ ತುದಿ ಐದೈದು ಇದ್ದವು, ಅವು ಒಂದೇ ಜಾಗದಲ್ಲಿ ಒಂದೇ ರೀತಿ ಇದ್ದವು; ಎರಡೂ ಒಂದೇ ಅಚ್ಚಿನಿಂದ ಬಿದ್ದ ನಾಣ್ಯಗಳು.