ಬಾಲಕ್ಕೂ ಬೆಲೆ ಕಟ್ಟಿದವಳು

ಡೆಲ್ಮರ್ ವೊಂಡ್ರಾನಷ್ಟು ಜಂಬದ ದಡ್ಡನನ್ನು ನೆಬ್ರಾಸ್ಕಾದ ನಮ್ಮ ಸೀಮೆಯಲ್ಲಿ ನಾನು ಇನ್ನೊಬ್ಬನನ್ನು ಕಂಡಿಲ್ಲ. ಊರಿನ ಕಸಾಯಿ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ಮಾಂಸ ಕಡಿದವನು ನಾನು. ಯಾರ ಹೋರಿ ಎಷ್ಟು ತೂಗಿತು, ಯಾರು ಎಷ್ಟು ತೂಗಿತೆಂದು ಹೇಳಿಕೊಂಡರು, ಎರಡೂ ನನಗೆ ಗೊತ್ತಿರುತ್ತಿತ್ತು. ಆದರೆ ಇದು ಅವನ ಹೆಂಡತಿ ಆರ್ವಿಲಾಳ ಕತೆ. ಅವನನ್ನು ಬಿಟ್ಟು ಹೇಳಲಾಗದು, ಅಷ್ಟೇ.

ದನದ ಹರಾಜು ಕಟ್ಟೆಯ ದಲ್ಲಾಳಿಗಳನ್ನು ಕಂಡರೆ ಡೆಲ್ಮರನಿಗೆ ಆಗುತ್ತಿರಲಿಲ್ಲ. ಒಂದು ವಸಂತದಲ್ಲಿ ಕಾಫಿ ಹೋಟೆಲಿನಲ್ಲಿ ಕೂತು, ಇನ್ನು ಮೇಲೆ ತಾನು ಸಾಕಿದ ಹೋರಿಗಳ ಮಾಂಸವನ್ನು ಮನೆ ಬಾಗಿಲಲ್ಲೇ ಮಾರುತ್ತೇನೆಂದು ಸಾರಿದ. ಬೆಲೆ ಕಟ್ಟಿದ ಬಗೆ ಕೇಳಿ. ಪೇಟೆಯ ಅಂಗಡಿಯಲ್ಲಿ ಕೈಮಾ ಪೌಂಡಿಗೆ ಆರು ಡಾಲರ್ ಇತ್ತು; ತನ್ನದು ಐದೂವರೆ, ಯಾವ ತುಂಡಾದರೂ ಅದೇ ದರ ಎಂದ. ಹೋರಿ ಸಾವಿರದ ಮುನ್ನೂರು ಪೌಂಡ್ ಇದೆ, ಐದೂವರೆಯಿಂದ ಗುಣಿಸಿದರೆ ಏಳು ಸಾವಿರ ದಾಟುತ್ತದೆ ಎಂದು ಬೀಗಿದ. ಚರ್ಮ, ಗೊರಸು, ಹೊಟ್ಟೆಯೊಳಗಿನ ಸಗಣಿ ಎಲ್ಲವನ್ನೂ ಐದೂವರೆಗೆ ಮಾರಲು ಹೊರಟಿದ್ದ ಮಹಾಶಯ. ಕಡಿದು, ಎರಡು ವಾರ ತಣ್ಣನೆ ಕೋಣೆಯಲ್ಲಿ ನೇತುಹಾಕಿ, ಮೂಳೆ ಕೊಬ್ಬು ತೆಗೆದ ಮೇಲೆ ಉಳಿಯುವುದು ಐನೂರು ಪೌಂಡ್. ಅದರ ಮೇಲೆ ನಮ್ಮ ಕೂಲಿ ಒಂಬೈನೂರು ಡಾಲರ್. ನಾನು ಇದನ್ನು ಹೇಳಿದ್ದಕ್ಕೆ ನಮ್ಮ ತಕ್ಕಡಿಯೇ ಕಳ್ಳ ತಕ್ಕಡಿ ಎಂದ.

ಮೊದಲು ಬಂದವಳು ಡಾಕ್ಟರ ಹೆಂಡತಿ ಶ್ರೀಮತಿ ಪ್ರೂಯಿಟ್. ನಿಮ್ಮಂಥ ಅಪ್ಪಟ ರೈತರು ಈಗೆಲ್ಲಿದ್ದಾರೆ ಎಂದು ಹೊಗಳಿ, ಮೂರು ಹೋರಿಗಳ ಬೆನ್ನಿನ ಮೆತ್ತನೆಯ ತುಂಡುಗಳನ್ನೆಲ್ಲ ಕೈಮಾದ ಬೆಲೆಗೆ ಹೊತ್ತೊಯ್ದಳು. ಇವನೇ ಅವಳ ಕಾರಿನವರೆಗೂ ಪೆಟ್ಟಿಗೆ ಹೊತ್ತ. ಉಳಿದ ಕೈಮಾ ಕೊಟ್ಟಿಗೆಯ ಎರಡು ಫ್ರೀಜರುಗಳಲ್ಲಿ ಕೂತು, ಕೊನೆಗೆ ನೆಂಟರಿಷ್ಟರ ಪಾಲಾಯಿತು. ಹರಾಜಿನಲ್ಲಿ ಎರಡು ಸಾವಿರದ ಮುನ್ನೂರು ತರುತ್ತಿದ್ದ ಹೋರಿ ಸಾವಿರವನ್ನೂ ತರಲಿಲ್ಲ. ಆದರೂ ತಾನು ದಲ್ಲಾಳಿಗಳಿಗೆ ಬುದ್ಧಿ ಕಲಿಸಿದೆ ಎಂದೇ ಹೇಳಿಕೊಂಡು ತಿರುಗಿದ.

ಆರ್ವಿಲಾ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಮುನ್ನೂರು ಮಕ್ಕಳಿಗೆ ಅಡುಗೆ ಮಾಡಿದವಳು. ಒಂದು ಪೌಂಡ್ ಮಾಂಸ ಎಷ್ಟು ತಟ್ಟೆಗೆ ಬರುತ್ತದೆಂದು ಕಣ್ಣಳತೆಯಲ್ಲೇ ಹೇಳಬಲ್ಲಳು. ಮಾತು ಕಡಿಮೆ. ಸೆಪ್ಟೆಂಬರಿನಲ್ಲಿ ಒಂದು ದಿನ ಅಂಗಡಿಯ ಹಿಂಬಾಗಿಲಿನಿಂದ ಬಂದು ಕೇಳಿದಳು:

"ನಮ್ಮ ಹೋರಿಗಳ ಬಾಲ, ನಾಲಿಗೆ ಎಲ್ಲಿ?"

ಡೆಲ್ಮರ್ ಬಿಟ್ಟುಹೋದದ್ದನ್ನೆಲ್ಲ ನಾನೇ ಮನೆಗೆ ಒಯ್ದು ತಿಂದಿದ್ದೆ. "ಯಜಮಾನ್ರೇ ಬೇಡ ಅಂದ್ರಮ್ಮಾ," ಎಂದೆ.

"ಅವ್ರು ಬೇಡ ಅಂದ್ರು. ನಾನ್ ಅಂದ್ನಾ?"

ಆವತ್ತಿನಿಂದ ಬಾಲ, ನಾಲಿಗೆ, ಬೋಟಿ, ನಲ್ಲಿ ಮೂಳೆ ಎಲ್ಲವನ್ನೂ ಕಟ್ಟಿಸಿಕೊಂಡು ಹೋಗತೊಡಗಿದಳು. ಅವಳ ಜೊತೆ ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಗ್ವಾಟೆಮಾಲಾದ ಯುಲಾಲಿಯಾ, ಒಳ್ಳೆಯ ನಾಲಿಗೆಗಾಗಿ ಎರಡು ಗಂಟೆ ಕಾರಿನಲ್ಲಿ ಹೋಗಬೇಕೆಂದು ಒಮ್ಮೆ ಹೇಳಿದ್ದಳಂತೆ. ಯುಲಾಲಿಯಾಳ ಬೀದಿಯ ಹೆಂಗಸರು ಪೌಂಡಿಗೆ ಒಂಬತ್ತು ಡಾಲರ್ ಕೊಟ್ಟರು, ಚೌಕಾಸಿ ಮಾಡಲಿಲ್ಲ. ಸುದ್ದಿ ತಿಳಿದ ಡೆಲ್ಮರ್ ಅಂಗಡಿಗೇ ಬಂದು, ನನ್ನೆದುರೇ ರೇಗಿದ.

"ಬಾಲ, ಕರುಳು ತಿನ್ನೋರ ಮನೆ ಬಾಗ್ಲಿಗೆಲ್ಲ ಹೋಗ್ತೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?"

"ಅವ್ರು ಒಂಬತ್ತು ಡಾಲರ್ ಕೊಡ್ತಾರೆ," ಎಂದಳು ಆರ್ವಿಲಾ, ಪೊಟ್ಟಣ ಎಣಿಸುತ್ತಲೇ. "ನಿಮ್ಮ ಡಾಕ್ಟರ್ ಹೆಂಡ್ತಿ ಐದೂವರೆ ಕೊಟ್ಟು ಮಿಕ್ಕಿದ್ದಕ್ಕೆ ಹೊಗಳಿಕೆ ಕೊಡ್ತಾಳೆ. ಹೊಗಳಿಕೆ ಹಾಕಿದ್ರೆ ಹೋರಿ ಮೇಯಲ್ಲ."

ಮರುವರ್ಷ ವ್ಯಾಪಾರ ಅವಳ ಕೈಗೆ ಬಂತು. ಬಿಡಿ ತುಂಡು ಇಲ್ಲ. ಗುಡ್ಡೆ ಹಾಕಿದಂತೆ, ಹೋರಿಯನ್ನು ನಾಲ್ಕು ಪಾಲು ಮಾಡಿ ಎಲ್ಲ ಪಾಲಿಗೂ ಎಲ್ಲ ಬಗೆಯ ಮಾಂಸ. ಮೂಳೆ ತೆಗೆಯುವ ಮೊದಲು ನೇತುಹಾಕಿದಾಗಿನ ತೂಕಕ್ಕೆ ದರ, ಕಡಿಯುವ ಕೂಲಿ ಕೊಳ್ಳುವವರದೇ, ಮುಂಗಡ ಕೊಡದವರಿಗೆ ಪಾಲಿಲ್ಲ. ಶ್ರೀಮತಿ ಪ್ರೂಯಿಟ್ ಐಸ್ ಪೆಟ್ಟಿಗೆ ಹಿಡಿದು ಬಂದು, ತನಗೆ ಬೆನ್ನಿನ ತುಂಡು ಮಾತ್ರ ಸಾಕೆಂದಳು.

"ಬರೀ ಬೆನ್ನಿರೋ ಹೋರಿ ನಮ್ಮಲ್ಲಿ ಹುಟ್ಟಲ್ಲಮ್ಮಾ," ಎಂದಳಂತೆ ಆರ್ವಿಲಾ.

ಆಕೆ ಮುಖ ಊದಿಸಿಕೊಂಡು ಹೋಗಿ ಚರ್ಚಿನಲ್ಲೆಲ್ಲ ದೂರಿದಳು. ಆ ದೂರು ಕೇಳಿಯೇ ಇಬ್ಬರು ಬಂದು ಪಾಲು ಬರೆಸಿದರು.

ಎಲ್ಲಕ್ಕಿಂತ ಡೆಲ್ಮರನಿಗೆ ಉರಿದದ್ದು ಬೇರೆ. ಆರ್ವಿಲಾ ಅವನ ಹೋರಿಗಳನ್ನು ಅವನಿಂದಲೇ ಕೊಳ್ಳತೊಡಗಿದಳು, ಆ ವಾರದ ಹರಾಜಿನ ದರಕ್ಕೆ, ಚೆಕ್ ಬರೆದು. ಹೋರಿಗೆ ನಿಜವಾಗಿ ಎಷ್ಟು ಖರ್ಚು ಬಿತ್ತು, ಎಷ್ಟು ಉಳಿಯಿತೆಂದು ಹಾಗಲ್ಲದೆ ತಿಳಿಯುವುದಿಲ್ಲ ಎಂಬುದು ಅವಳ ವಾದ. ಹೆಂಡತಿ ದಲ್ಲಾಳಿಗಿಂತ ಕಡೆ ಎಂದು ಅವನು ಗೊಣಗಿದ. ಚೆಕ್ ಮಾತ್ರ ಅದೇ ದಿನ ಬ್ಯಾಂಕಿಗೆ ಹಾಕಿದ. ಹೋರಿಯೊಂದಕ್ಕೆ ಅವಳಿಗೆ ಆರೇಳು ನೂರು ಡಾಲರ್ ಉಳಿಯುತ್ತಿತ್ತು. ಕಾಫಿ ಹೋಟೆಲಿನಲ್ಲಿ ಡೆಲ್ಮರ್ ಇದೆಲ್ಲ ತನ್ನದೇ ತಲೆಯ ಉಪಾಯ ಎಂದಾಗ ಉಳಿದವರು ಕಿಟಕಿಯಾಚೆ ನೋಡುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಯುಲಾಲಿಯಾಳ ಮಗಳ ಮದುವೆ. ತಲೆಯಿಂದ ಗೊರಸಿನವರೆಗೆ ಒಂದಿಡೀ ಹೋರಿ ಆರ್ವಿಲಾಳಿಂದಲೇ ಹೋಯಿತು. ಊಟಕ್ಕೆ ನನ್ನನ್ನೂ ಕರೆದಿದ್ದರು. ಆರ್ವಿಲಾಳನ್ನು ಕರೆತಂದ ಡೆಲ್ಮರ್ ಮಾತ್ರ ಟ್ರಕ್ಕಿನಿಂದ ಇಳಿಯಲೇ ಇಲ್ಲ. ಇಂಜಿನ್ ಬಂದ್ ಮಾಡದೆ, ಪೆಟ್ರೋಲ್ ಬಂಕಿನಲ್ಲಿ ಕೊಂಡ ತಣ್ಣನೆಯ ಬ್ರೆಡ್ಡು ಜಗಿಯುತ್ತ ಎರಡು ಗಂಟೆ ಕೂತ. ಒಳಗೆ ಆರ್ವಿಲಾ ಎರಡನೇ ಸಲ ಸಾರು ಹಾಕಿಸಿಕೊಂಡಳು. ಅವನನ್ನು ಕರೆಯಲು ಯಾರೂ ಹೊರಗೆ ಹೋಗಲಿಲ್ಲ.